ಮನೆಯಲ್ಲಿ ಮಾವನವರ ಕೋವಿ, ಹನ್ನೊಂದು ವರ್ಷದ ಮಗ. ಕೊಡಗಿನವರು ಏನು ಮಾಡುತ್ತೀರಿ?

ತಿಪಟೂರಿನವಳು (ಜೂನ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ತಿಪಟೂರು ಕಡೆಯವಳು. ಮದುವೆಯಾದದ್ದು ಕೊಡವರ ಮನೆಗೆ. ಇಷ್ಟು ವರ್ಷ ಮೈಸೂರಿನಲ್ಲಿದ್ದೆವು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಕಳೆದ ವರ್ಷ ಮಾವ ತೀರಿಕೊಂಡರು. ಅತ್ತೆ ಒಬ್ಬರೇ ತೋಟ ನೋಡಿಕೊಳ್ಳುವುದು ಕಷ್ಟ ಅಂತ ಈ ಏಪ್ರಿಲ್‌ನಲ್ಲಿ ನಾಪೋಕ್ಲು ಹತ್ತಿರದ ಮನೆಗೆ ಬಂದುಬಿಟ್ಟೆವು. ಮಗ ಆರನೇ ಕ್ಲಾಸು.

ಸಮಸ್ಯೆ ಮಾವನವರ ಕೋವಿಯದ್ದು. ಹನ್ನೆರಡು ಬೋರಿನ ಜೋಡಿ ನಳಿಗೆ. ಹಾಲಿನಲ್ಲಿ ಅವರ ಫೋಟೋ ಪಕ್ಕ ಗೋಡೆಯ ಗೂಟಗಳ ಮೇಲೆ ಮಲಗಿಸಿದ್ದಾರೆ. ತೋಟೆಗಳು (ಕೋವಿಗೆ ತುಂಬುವ ಗುಂಡುಗಳು) ಅದರ ಕೆಳಗಿನ ಮೇಜಿನ ಡ್ರಾಯರಿನಲ್ಲಿ, ಟಾರ್ಚಿನ ಸೆಲ್ಲು, ಪಾಸ್‌ಬುಕ್ಕು, ಕತ್ತರಿಯ ಜೊತೆ ಇವೆ. ಡ್ರಾಯರಿಗೆ ಬೀಗ ಇಲ್ಲ. ಅತ್ತೆಯನ್ನು ಕೇಳಿದರೆ, ಈ ಮನೆಯಲ್ಲಿ ಯಾವ ಮಗುವೂ ಅದನ್ನು ಕೇಳದೆ ಮುಟ್ಟಿಲ್ಲ ಎನ್ನುತ್ತಾರೆ. ನಮ್ಮ ಮನೆಯವರು ಅದರ ಕೆಳಗೇ ಆಡಿ ಬೆಳೆದವರು. ಅವರಿಗೆ ಅದು ಗಡಿಯಾರದಂತೆ ಗೋಡೆಯ ಮೇಲಿನ ಇನ್ನೊಂದು ವಸ್ತು.

ನನಗೆ ಹಾಗಲ್ಲ. ನಮ್ಮ ಊರಲ್ಲಿ ಕೋವಿ ಅಂದರೆ ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಗಾರ್ಡಿನ ಹೆಗಲಿನದು, ಅಷ್ಟೇ. ಮಾವನವರನ್ನು ಕಳಿಸಿಕೊಡುವ ದಿನ ಅಂಗಳದಲ್ಲಿ ಎರಡು ಈಡು ಹಾರಿಸಿದರು. ಅದು ಪದ್ಧತಿ, ಗೊತ್ತು. ಆದರೆ ನನ್ನ ಕೈ ನಡುಗುವುದು ನಿಲ್ಲಲು ತುಂಬಾ ಹೊತ್ತು ಹಿಡಿಯಿತು. ಮಗ ಮಾತ್ರ ಅಂದಿನಿಂದ ಪ್ರಶ್ನೆ ಕೇಳುವುದು ಬಿಟ್ಟಿಲ್ಲ. ತೋಟೆಯೊಳಗೆ ಏನಿರುತ್ತದೆ, ಅಜ್ಜ ಹಂದಿ ಹೊಡೆದಿದ್ದರಾ, ನಾನು ಯಾವಾಗ ಹಿಡಿಯಬಹುದು.

ಈ ವಯಸ್ಸಿನ ಹುಡುಗರ ಜೊತೆಯೇ ನನ್ನ ಕೆಲಸ. ಯಾವುದನ್ನು ಮುಟ್ಟಬೇಡಿ ಅಂದೆನೋ ಅದರ ಮೇಲೇ ಅವರ ಕಣ್ಣು. ಒಳ್ಳೆಯ ಹುಡುಗರೂ ಹಾಗೇ. ಅದಕ್ಕೇ "ನಮ್ಮ ಮನೆಯ ಮಕ್ಕಳು ಮುಟ್ಟುವುದಿಲ್ಲ" ಎಂಬ ಮಾತು ನನಗೆ ಸಾಲದು.

ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿಬಿಡೋಣ ಎಂದೆ. ಮನೆಯವರು ಊಟ ಬಿಟ್ಟು ಎದ್ದರು. ಅತ್ತೆ ಏನೂ ಹೇಳಲಿಲ್ಲ. ಅವರ ಮೌನ ನನಗೆ ಇನ್ನೂ ಕಷ್ಟವಾಯಿತು.

ಮಕ್ಕಳಿರುವ ಮನೆಯಲ್ಲಿ ನೀವೆಲ್ಲ ಕೋವಿಯನ್ನು ಎಲ್ಲಿ ಇಡುತ್ತೀರಿ? ಮಕ್ಕಳಿಗೆ ಏನು ಹೇಳುತ್ತೀರಿ? ಹೊರಗಿನಿಂದ ಬಂದ ಸೊಸೆ ಇದನ್ನು ಬೇಡ ಎನ್ನುವುದು ತಪ್ಪಾ? ಸುಮ್ನೆ "ನಮ್ಮ ಸಂಸ್ಕೃತಿ" ಎಂದು ಮಾತು ಮುಗಿಸಬೇಡಿ. ನಿಜವಾಗಿ ಮನೆಯಲ್ಲಿ ಏನು ಮಾಡುತ್ತೀರಿ, ಅದನ್ನು ಹೇಳಿ.

ಕಕ್ಕಬ್ಬೆ ಬೆಳೆಗಾರ

ತಂಗಿ, ತಪ್ಪಲ್ಲ. ಡ್ರಾಯರಿನಲ್ಲಿ ತೋಟೆ ಅಂತ ಓದಿ ನನಗೇ ಸಿಟ್ಟು ಬಂತು. ನಿಮ್ಮ ಮನೆಯವರಿಗೆ ಇದನ್ನು ತೋರಿಸಿ.

ಎಲ್ಲಕ್ಕಿಂತ ಮೊದಲು ಕಾಗದ. ಕೋವಿ ಈಗ ಯಾರ ಹೆಸರಿನಲ್ಲಿದೆ? ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೆ) ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಹಾಗಂತ ಯಾರ ಕೋವಿಯನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು ಅಂತಲ್ಲ. ವಿನಾಯಿತಿ ಪತ್ರ ಜಿಲ್ಲಾಧಿಕಾರಿ ಕಚೇರಿಯಿಂದ ಬರಬೇಕು, ಕೋವಿ ಅದರಲ್ಲಿ ದಾಖಲಾಗಿರಬೇಕು. ಮಾವ ತೀರಿಕೊಂಡ ಮೇಲೆ ನಿಮ್ಮ ಮನೆಯವರ ಹೆಸರಿಗೆ ಮಾಡಿಸಿದ್ದೀರಾ? ಇಲ್ಲದಿದ್ದರೆ ಆಗುವ ತನಕ ಸ್ಟೇಷನ್ನಿನಲ್ಲೋ ಡೀಲರ್ ಹತ್ತಿರವೋ ಇಟ್ಟು ರಸೀದಿ ತೆಗೆದುಕೊಳ್ಳಿ. ನೀವು ಕೇಳಿದ ಅರ್ಧ ಅಲ್ಲೇ ಸಿಕ್ಕಿತು, ಅಲ್ವಾ.

ಇನ್ನು ನೀವು ಬೇಡ ಎಂದ ಸಂಸ್ಕೃತಿ. ನಾಲ್ಕು ಸಾಲು ಹೇಳುತ್ತೇನೆ, ಕೇಳಿ. ಈ ವಿನಾಯಿತಿ 1861ರದು. ಆಗ ಮೈಸೂರು, ಕೊಡಗು ಎರಡಕ್ಕೂ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಟ್ಟದ್ದು. ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆ ಬಂತು, 1963ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಮುಂದುವರಿಸಿತು. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್ 31ರವರೆಗೆ ಕೊಟ್ಟಿದ್ದಾರೆ. ಒಬ್ಬರು ಪ್ರಶ್ನಿಸಿ ಹೈಕೋರ್ಟಿಗೆ ಹೋದರು, 2021ರ ಸೆಪ್ಟೆಂಬರ್‌ನಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಇದನ್ನೆಲ್ಲ ಹೆಮ್ಮೆಗೆ ಹೇಳುತ್ತಿಲ್ಲ. ಅವಧಿ ಹಾಕಿ ಕೊಟ್ಟ ವಿನಾಯಿತಿ ಇದು. ನಮ್ಮಲ್ಲಿ ಒಬ್ಬ ಬೇಜವಾಬ್ದಾರಿ ಮಾಡಿದರೆ ಎಲ್ಲರ ಹಕ್ಕಿಗೂ ಪೆಟ್ಟು. ಹಾಗಾಗಿ ಡ್ರಾಯರಿಗೆ ಬೀಗ ಕೇಳುವ ಸೊಸೆ ನಮ್ಮ ಕಡೆಯವಳೇ.

ನಮ್ಮ ಮನೆಯಲ್ಲಿ ಗಂಡು ಮಗು ಹುಟ್ಟಿದಾಗ ಒಂದು ಈಡು ಹಾರಿಸುತ್ತೇವೆ. ಸತ್ತಾಗ ಎರಡು. ಕೈಲ್‌ಪೊಳ್ದ್‌ಗೆ (ಆಯುಧಗಳ ಹಬ್ಬ) ಪೂಜೆ, ಪುತ್ತರಿಗೆ (ಹೊಸ ಭತ್ತದ ಹಬ್ಬ) ಕದಿರು ತೆಗೆಯುವಾಗ ಈಡು. ಉಳಿದ ದಿನ ಕೋವಿ ಬೀರುವಿನಲ್ಲಿ. ಗೋಡೆಯ ಮೇಲೆ ತೂಗುಹಾಕುವುದನ್ನು ನಮ್ಮ ಅಪ್ಪನ ಕಾಲಕ್ಕೇ ನಿಲ್ಲಿಸಿದೆವು.

ನೈಟ್ ಡ್ಯೂಟಿ

ಅಕ್ಕ, ನಾನು ಈ ಜಿಲ್ಲೆಯಲ್ಲೇ ನರ್ಸ್. ಕ್ಯಾಜುವಾಲಿಟಿಯಲ್ಲಿ ಕೆಲಸ ಮಾಡಿದ್ದೇನೆ. ನಾನೂ ಕೊಡವತಿಯೇ, ನಮ್ಮ ತವರಿನಲ್ಲೂ ಕೋವಿ ಇದೆ. ಆದ್ದರಿಂದ ವಿರೋಧಕ್ಕಾಗಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ.

ನಮ್ಮಲ್ಲಿಗೆ ಬರುವವರು ಕಳ್ಳರಿಂದ ಗುಂಡು ತಿಂದವರಲ್ಲ. ಕತ್ತಲಲ್ಲಿ ಹಂದಿ ಎಂದುಕೊಂಡು ಜೊತೆಗಾರನಿಗೇ ಹೊಡೆದದ್ದು. ಕುಡಿದು ಜಾಗದ ಗಡಿಗೆ ಜಗಳ ಶುರುವಾಗಿ, ಒಳಗೆ ಹೋಗಿ ಕೋವಿ ತಂದದ್ದು. ತೊಳೆಯುವಾಗ ಒಳಗೆ ತೋಟೆ ಇದ್ದದ್ದು ನೋಡದೆ ಆದದ್ದು. ಇನ್ನೊಂದೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮನಸ್ಸು ಕುಗ್ಗಿದವರ ಕೈಗೆ ಅದು ಸುಲಭಕ್ಕೆ ಸಿಕ್ಕದ್ದು.

ಕೋವಿ ಯಾರನ್ನೂ ಕಾಯಿಸುವುದಿಲ್ಲ ಅಕ್ಕ. ಬೇರೆ ಎಷ್ಟೋ ಸಂಕಟದಲ್ಲಿ ಮನಸ್ಸು ತಿರುಗಲು ಸ್ವಲ್ಪ ಹೊತ್ತು ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ. ಆ ಹೊತ್ತನ್ನು ಬೀಗವೇ ಕೊಡಬೇಕು. ಮನೆಯಲ್ಲಿ ಯಾರಾದರೂ ಜಾಸ್ತಿ ಕುಡಿಯುತ್ತಿದ್ದರೆ, ಯಾರಾದರೂ ಬಹಳ ದಿನದಿಂದ ಮಂಕಾಗಿದ್ದರೆ, ಬೀಗವೂ ಸಾಲದು. ಕೋವಿ ಮನೆಯಿಂದಲೇ ಹೊರಗಿರಲಿ. ಮಗನಿಗೆ ಇನ್ನು ನಾಲ್ಕೈದು ವರ್ಷಕ್ಕೆ ಹದಿಹರೆಯ, ಪರೀಕ್ಷೆ, ರಿಸಲ್ಟು. ಈಗಲೇ ಯೋಚಿಸಿ.

ಶೃಂಗೇರಿ ಅಡಿಕೆ

ನಮ್ಮದು ಲೈಸೆನ್ಸ್ ಕೋವಿ ಮೇಡಂ, ಬೆಳೆ ರಕ್ಷಣೆಗೆ ಅಂತ ಕೊಟ್ಟದ್ದು. ಮೊದಲು ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿ ಇತ್ತು, ಈಗ ಒಂಟಿ ನಳಿಗೆಯ ತೋಟೆ ಕೋವಿ. ನಿಮ್ಮ ಹಾಗೆ ವಿನಾಯಿತಿ ಇಲ್ಲ. ಐದು ವರ್ಷಕ್ಕೊಮ್ಮೆ ನವೀಕರಣ. ಚುನಾವಣೆ ಬಂತೆಂದರೆ ಸ್ಟೇಷನ್ನಿಗೆ ಒಪ್ಪಿಸಿ ಬರುವುದು, ಆಮೇಲೆ ಹೋಗಿ ತರುವುದು.

ಬೆಳೆ ರಕ್ಷಣೆ ಅಂದರೆ ನಮ್ಮಲ್ಲಿ ಸದ್ದು ಮಾಡಿ ಮಂಗ ಓಡಿಸುವುದು. ಪ್ರಾಣಿ ಹೊಡೆಯುವುದಲ್ಲ. 1972ರ ವನ್ಯಜೀವಿ ಕಾಯ್ದೆ ಗೊತ್ತಿದೆಯಲ್ಲ. ಹಂದಿ ತೋಟ ಹಾಳುಮಾಡಿದರೂ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಇದನ್ನು ಮಗನಿಗೆ ಈಗಿನಿಂದಲೇ ಹೇಳಿ, ಅಜ್ಜನ ಕಾಲದ ಬೇಟೆ ಕಥೆ ಕೇಳಿ ಬೆಳೆಯುವ ಹುಡುಗ. ಹಬ್ಬಕ್ಕೆ ಈಡು ಹಾರಿಸುವವರಿಗೂ ಒಂದು ಮಾತು. 2019ರ ತಿದ್ದುಪಡಿ ಬಂದ ಮೇಲೆ ಸಂಭ್ರಮದಲ್ಲಿ ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ನಿಮ್ಮದು ಜೋಡಿ ನಳಿಗೆ ಅಂದಿರಿ. ಅದರಲ್ಲಿ ಒಂದು ಅನುಕೂಲ ಇದೆ. ಅದು ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆ, ನಳಿಗೆಯ ಕೆಳಗೆ ಕೈ ಹಿಡಿಯುವ ಮರದ ತುಂಡು, ಹಿಂದಿನ ಮರ. ಬಿಚ್ಚಲು ಯಾವ ಸಲಕರಣೆಯೂ ಬೇಡ. ನಳಿಗೆ ಒಂದು ಬೀರುವಿನಲ್ಲಿ, ಹಿಂದಿನ ಮರ ಇನ್ನೊಂದರಲ್ಲಿ, ತೋಟೆ ಮೂರನೇ ಕಡೆ. ಮೂರು ಬೀಗ, ಕೀಲಿ ಒಬ್ಬರ ಹತ್ತಿರವೇ ಬೇಡ. ನಮ್ಮ ಭಾವನ ಮನೆಯಲ್ಲಿ ಹೀಗೇ ಇಡುತ್ತಾರೆ.

ಇನ್ನೊಂದು, ಬಿಚ್ಚಿ ಜೋಡಿಸುವುದನ್ನು ನೀವೂ ಕಲಿಯಿರಿ. ನಿಮಗೆ ಕೋವಿ ಇಷ್ಟವಾಗಲಿ ಅಂತಲ್ಲ. ಯಾರೋ ಮೇಜಿನ ಮೇಲೆ ಇಟ್ಟು ಹೋದರೆ ಒಳಗೆ ತೋಟೆ ಇದೆಯೋ ಇಲ್ಲವೋ ಮನೆಯ ಯಜಮಾನಿಗೆ ನೋಡಲು ಬರಬೇಕು.

ತಿಪಟೂರಿನವಳು (ಜುಲೈ)

ಎಲ್ಲರಿಗೂ ಧನ್ಯವಾದ. ಕಕ್ಕಬ್ಬೆ ಅಣ್ಣ, ನೀವು ಕೇಳಿದ್ದು ಸರಿಯಾದ ಜಾಗಕ್ಕೇ ತಾಗಿತು. ಕಾಗದ ಇನ್ನೂ ಮಾವನವರ ಹೆಸರಿನಲ್ಲೇ ಇತ್ತು. ಮನೆಯವರು ಮರುದಿನವೇ ಕೋವಿ ಒಪ್ಪಿಸಿ ರಸೀದಿ ತಂದರು, ಮಡಿಕೇರಿಗೆ ಹೋಗಿ ಅರ್ಜಿ ಕೊಟ್ಟರು. ಈಗ ಗೋಡೆ ಖಾಲಿ. ಈ ಮಳೆಗಾಲದಲ್ಲಿ ನಾನು ನೆಮ್ಮದಿಯಿಂದ ಮಲಗುತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ.

ನರ್ಸಮ್ಮ, ನಿಮ್ಮ ಮಾತನ್ನು ಮನೆಯವರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಚಿಕ್ಕಪ್ಪನ ಮಗನೊಬ್ಬನ ವಿಷಯ ಹೇಳಿದರು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಅದು ಗೊತ್ತಿರಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಆ ರಾತ್ರಿಯಿಂದ ನಮ್ಮಿಬ್ಬರ ನಡುವೆ ಇದು ಜಗಳದ ವಿಷಯವಾಗಿ ಉಳಿದಿಲ್ಲ.

ಕೋವಿ ವಾಪಸ್ ಬರುವುದಾದರೆ ನನ್ನ ಷರತ್ತುಗಳನ್ನು ಹೇಳಿದ್ದೇನೆ. ಗೋಡೆಯ ಮೇಲೆ ಬೇಡ. ಶೃಂಗೇರಿಯವರು ಹೇಳಿದ ಹಾಗೆ ಬಿಚ್ಚಿ ಬೇರೆ ಬೇರೆ ಇಡುವುದು. ತೋಟೆಯ ಕೀಲಿ ನನ್ನ ಹತ್ತಿರ. ಒಂದು ತೊಟ್ಟು ಕುಡಿದಿದ್ದರೂ ಕೋವಿ ಮುಟ್ಟುವಂತಿಲ್ಲ, ಹಬ್ಬವಾದರೂ ಸರಿ. ಮನೆಯಲ್ಲಿ ಯಾರೇ ಮಂಕಾದರೂ ಪ್ರಶ್ನೆ ಕೇಳದೆ ಅದನ್ನು ಡೀಲರ್ ಹತ್ತಿರ ಬಿಟ್ಟು ಬರುವುದು. ಎಲ್ಲಕ್ಕೂ ಒಪ್ಪಿದರು. ಅತ್ತೆಯೇ ಸ್ಟೀಲ್ ಬೀರುವಿಗೆ ದುಡ್ಡು ಕೊಟ್ಟರು, ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಹತ್ತು ಮೀಟರ್

ನಾನು ಮೈಸೂರಿನಲ್ಲಿರುವುದು. ಮಗಳು ಏರ್ ರೈಫಲ್ ಶೂಟಿಂಗ್ ಮಾಡುತ್ತಾಳೆ. ಮಗನ ಕುತೂಹಲಕ್ಕೆ ಬೀಗ ಒಂದೇ ಉತ್ತರವಲ್ಲ ಎಂದು ನನಗೆ ಅನಿಸುತ್ತದೆ. ಅವನಿಗೆ ಕಲಿಯಲು ಒಂದು ಸರಿಯಾದ ಜಾಗವೂ ಬೇಕು.

ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಮದ್ದು ಇಲ್ಲ. ಗಾಳಿಯ ಒತ್ತಡಕ್ಕೆ 4.5 ಮಿಲಿಮೀಟರಿನ ಸೀಸದ ಕಾಳು ಹೋಗುತ್ತದೆ. 2016ರ ಆಯುಧ ನಿಯಮದಂತೆ ಈ ಅಳತೆಯದಾಗಿ, ಶಕ್ತಿ 20 ಜೌಲ್ ಒಳಗಿದ್ದರೆ ಲೈಸೆನ್ಸ್ ಬೇಕಿಲ್ಲ. ಹಾಗಂತ ಆಟಿಕೆ ಅಲ್ಲ, ಕಣ್ಣು ಹೋಗುತ್ತದೆ. ಗುರಿಹಲಗೆಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ. ದೊಡ್ಡವರ ಅರ್ಹತಾ ಸುತ್ತಿನಲ್ಲಿ 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು, ಪೂರ್ತಿ ನಿಂತುಕೊಂಡೇ. ಗದ್ದಲದ ಹುಡುಗರನ್ನು ಸುಮ್ಮನೆ ನಿಲ್ಲುವಂತೆ ಮಾಡುವ ಆಟ ಇದು.

ಮಗಳನ್ನು ಸೇರಿಸುವಾಗ ನನಗೂ ಭಯವಿತ್ತು. ಮೊದಲ ವಾರಗಳಲ್ಲಿ ಅವಳ ಕೈಗೆ ಕಾಳನ್ನೇ ಕೊಡಲಿಲ್ಲ. ನಿಲ್ಲುವುದು, ಉಸಿರು, ಮೂತಿ ಯಾವ ಕಡೆ, ಬೆರಳು ಎಲ್ಲಿ. ನಿಲ್ಲಿಸಿ ಎಂದು ಕೂಗಿದ ತಕ್ಷಣ ರೈಫಲ್ ಕೆಳಗಿಡಬೇಕು, ಎರಡನೇ ಸಲ ಹೇಳುವುದಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದೇ ಆಟದಲ್ಲಿ. ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದದ್ದು ಏರ್ ಪಿಸ್ತೂಲ್‌ನಲ್ಲಿ.

ರಜೆಯಲ್ಲಿ ಮೈಸೂರಿಗೆ ಬಂದಾಗ ಮಗನನ್ನು ಒಮ್ಮೆ ರೇಂಜಿಗೆ ಕರೆದುಕೊಂಡು ಬನ್ನಿ. ನೋಡಿ ಹೋಗಲಿ.

ತಿಪಟೂರಿನವಳು (ಸೆಪ್ಟೆಂಬರ್)

ಕೈಲ್‌ಪೊಳ್ದ್ ಮುಗಿಯಿತು. ಹಬ್ಬಕ್ಕೆ ಸ್ವಲ್ಪ ಮೊದಲು ಕಾಗದ ಮನೆಯವರ ಹೆಸರಿಗೆ ಬಂತು, ಕೋವಿಯೂ ಬಂತು. ಏನಾಯಿತು ಎಂದು ಹೇಳಲೇಬೇಕು. ಯಾಕೆಂದರೆ ನನ್ನ ಮನಸ್ಸು ಸ್ವಲ್ಪ ಅಲುಗಿದ್ದು ಅಲ್ಲೇ.

ಹಬ್ಬದ ಹಿಂದಿನ ದಿನ ಅತ್ತೆ ಊಟದ ಮೇಜಿನ ಮೇಲೆ ಹಳೇ ಸೀರೆ ಹಾಸಿದರು. ಮನೆಯವರು ಕೋವಿ ಜೋಡಿಸಿ, ನಳಿಗೆ ಮಡಚಿ, ಒಳಗೆ ಖಾಲಿ ಇರುವುದನ್ನು ನೋಡಿ ಅತ್ತೆಗೆ ಕೊಟ್ಟರು. ಅತ್ತೆ ತೆಗೆದುಕೊಂಡ ಕೂಡಲೇ ತಾವೂ ಬೆಳಕಿಗೆ ಹಿಡಿದು ನೋಡಿದರು. ತಮ್ಮ ಮಗ, ಅಂದರೆ ನಮ್ಮ ಮನೆಯವರು, ನೋಡಿದ್ದನ್ನು ಕಣ್ಣೆದುರೇ ಕಂಡಿದ್ದರು, ಆದರೂ ನೋಡಿದರು. ಆಮೇಲೆ ನನಗೆ ಕೊಟ್ಟರು. "ನೀನೂ ನೋಡು. ನಾನು ನೋಡಿದೆ ಅಂತ ನಂಬಬೇಡ" ಎಂದರು.

ಎಪ್ಪತ್ತು ದಾಟಿದ ಹೆಂಗಸು. ಮಾವ ತೋಟದ ಕೆಲಸಕ್ಕೆಂದು ದಿನಗಟ್ಟಲೆ ಹೊರಗಿರುತ್ತಿದ್ದಾಗ, ಹತ್ತಿರದಲ್ಲಿ ಒಂದು ಮನೆಯೂ ಇಲ್ಲದ ಜಾಗದಲ್ಲಿ ಪುಟ್ಟ ಮಕ್ಕಳನ್ನು ಇಟ್ಟುಕೊಂಡು ಒಬ್ಬರೇ ಇದ್ದವರು. ಮದುವೆಯಾದ ಹೊಸದರಲ್ಲಿ ಮಾವನವರೇ ಅವರಿಗೆ ಕೋವಿ ಹಿಡಿಯಲು ಕಲಿಸಿದ್ದಂತೆ. ತೆಂಗಿನಕಾಯಿಗೆ ಗುರಿ ಇಡುವುದರಲ್ಲಿ ಗಂಡಸರನ್ನು ಹಿಂದೆ ಹಾಕಿದ್ದರು ಎಂದು ನಾದಿನಿ ಹೇಳಿದಳು. ಅತ್ತೆ ನನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಗಜಕ್ಕೆ (ನಳಿಗೆ ತೊಳೆಯುವ ಉದ್ದನೆಯ ಕಡ್ಡಿಗೆ) ಬಟ್ಟೆ ಸುತ್ತಿ, ಎಣ್ಣೆ ಹಚ್ಚಿ, ನಳಿಗೆಯೊಳಗೆ ಹೇಗೆ ಎಳೆಯಬೇಕು ಎಂದು ಅವರೇ ತೋರಿಸಿಕೊಟ್ಟರು. ನಳಿಗೆಯ ಒಳಗೆ ನೋಡಿದರೆ ಕನ್ನಡಿಯಷ್ಟು ಹೊಳಪು. ಮಾವನವರ ಹೆಬ್ಬೆರಳು ಸವೆಸಿದ ಜಾಗ ಮರದ ಮೇಲೆ ಇನ್ನೂ ಕಾಣುತ್ತದೆ.

ಹಬ್ಬದ ದಿನ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಒಕ್ಕದವರ (ಕುಲದವರ) ಎಲ್ಲ ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್ ಪೂ ಸಿಕ್ಕಿಸಿ, ಗಂಧ ಹಚ್ಚಿ ಪೂಜೆ ಮಾಡಿದರು. ಕೆಂಪು ಹಳದಿ ಬೆಂಕಿಯ ನಾಲಿಗೆಯಂಥ ಆ ಹೂವು ನಮ್ಮ ಕಡೆ ಬೇಲಿಯಲ್ಲಿ ಬಿಡುತ್ತದೆ, ಗೌರಿ ಹೂ ಎನ್ನುತ್ತೇವೆ. ಕಡಂಬುಟ್ಟು, ಪಂದಿ ಕರಿ ಊಟ. ಆಮೇಲೆ ಊರಿನವರು ಸೇರುವ ಬಯಲು, ಮಂದ್‌ನಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುರಿ ಇಡುವ ಸ್ಪರ್ಧೆ.

ಅಲ್ಲಿ ನಡೆದದ್ದು ಇದು. ದೊಡ್ಡಪ್ಪ ಒಬ್ಬರು ಪಕ್ಕದಲ್ಲಿ ನಿಂತು ಪ್ರತಿಯೊಬ್ಬರಿಗೂ ಸರದಿಯ ಮೇಲೆ ಒಂದೊಂದೇ ತೋಟೆ ಕೊಡುತ್ತಿದ್ದರು. ಒಬ್ಬ ಹುಡುಗ ಬಂದ, ಒಳ್ಳೆಯ ಕೆಲಸದಲ್ಲಿರುವವನು, ಬೆಂಗಳೂರಿನಿಂದ ಹಬ್ಬಕ್ಕೇ ಬಂದವನು. ದೊಡ್ಡಪ್ಪ ಅವನ ಮುಖ ನೋಡಿದರು. "ನೀನು ಊಟಕ್ಕೆ ಮೊದಲು ಕುಡಿದಿದ್ದೀಯ. ಮುಂದಿನ ವರ್ಷ ಬಾ" ಎಂದರು. ಅಷ್ಟೇ. ಅವನು ವಾದಿಸಲಿಲ್ಲ. ಸುತ್ತ ನಿಂತವರೂ ಅವನ ಪರ ಒಂದು ಮಾತು ಆಡಲಿಲ್ಲ.

ನಾನು ಇಷ್ಟು ದಿನ ಕೋವಿಯನ್ನು ಮಾತ್ರ ನೋಡುತ್ತಿದ್ದೆ. ಅದರ ಸುತ್ತ ಇಂಥ ಕಾವಲು ಇದ್ದರೆ ಅದು ಬೇರೆಯೇ ವಸ್ತು. ಎಲ್ಲ ಮನೆಯಲ್ಲೂ, ಎಲ್ಲ ಮಂದ್‌ನಲ್ಲೂ ಇಂಥ ದೊಡ್ಡಪ್ಪ ಇರುವುದಿಲ್ಲ ಎಂಬುದೂ ನನಗೆ ಗೊತ್ತು. ನರ್ಸಮ್ಮ ಹೇಳಿದ ಆ ಮನೆಗಳೂ ಇದೇ ಊರುಗಳಲ್ಲೇ ಇವೆಯಲ್ಲ.

ನಾನು ಗುಂಡು ಹಾರಿಸಲಿಲ್ಲ. ಕರೆದರು, ಬೇಡ ಎಂದೆ. ಮಗ ಗೆರೆಯ ಹಿಂದೆ ಕೂತು ಎಲ್ಲರ ಅಂಕ ಬರೆದುಕೊಂಡ.

ನೈಟ್ ಡ್ಯೂಟಿ

ಅಕ್ಕ, ಆ ದೊಡ್ಡಪ್ಪನಿಗೆ ನನ್ನ ನಮಸ್ಕಾರ ಹೇಳಿ. ಇಂಥವರು ಹೆಚ್ಚಿದ್ದರೆ ನಮ್ಮ ಕೆಲಸ ಕಡಿಮೆ. ಆದರೂ ಒಂದು ಕೇಳುತ್ತೇನೆ, ಬೇಜಾರಾಗಬೇಡಿ. ಹಬ್ಬದ ಮಾತು ಬಿಡಿ. ಹಬ್ಬ ಇಲ್ಲದ ದಿನ ಆ ಕೋವಿ ನಿಮ್ಮ ಮನೆಗೆ ಯಾಕೆ ಬೇಕು?

ಕಕ್ಕಬ್ಬೆ ಬೆಳೆಗಾರ

ಒಳ್ಳೆಯ ಪ್ರಶ್ನೆ. ನಮ್ಮಂಥವರು ಉತ್ತರ ಕೊಟ್ಟರೆ ಅಭ್ಯಾಸದ ಉತ್ತರವಾಗುತ್ತದೆ. ತಂಗಿಯೇ ಹೇಳಲಿ.

ತಿಪಟೂರಿನವಳು (ಡಿಸೆಂಬರ್)

ಪುತ್ತರಿ ಕಳೆದ ಮೇಲೆ ಬರೆಯೋಣ ಎಂದು ಕಾದೆ. ನರ್ಸಮ್ಮನ ಪ್ರಶ್ನೆ ತಲೆಯಲ್ಲೇ ಇತ್ತು.

ನವೆಂಬರ್‌ನಲ್ಲಿ ಒಂದು ರಾತ್ರಿ ಆನೆ ಬಂತು. ಗದ್ದೆಯಲ್ಲಿ ಭತ್ತ ಹಣ್ಣಾಗಿತ್ತು. ಮೊದಲು ಬೇಲಿ ಮುರಿದ ಸದ್ದು, ಆಮೇಲೆ ಬಾಳೆ ಸೀಳುವ ಸದ್ದು. ಈ ಕಡೆ ಅವು ಕಾಫಿ ತೋಟದೊಳಗೇ ಹಗಲು ಕಳೆದು ರಾತ್ರಿ ಗದ್ದೆಗೆ ಇಳಿಯುತ್ತವೆ. ನಾನು ಕೀಲಿ ಹಿಡಿದುಕೊಂಡು ಎದ್ದು ನಿಂತೆ. ಮನೆಯವರು ಕೇಳುತ್ತಾರೆ, ಕೊಡಬೇಕಾ ಬೇಡವಾ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಅವರು ಕೇಳಲೇ ಇಲ್ಲ. ಲೈಟು ಹಾಕಿದರು, ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದರು. ಕೆಲಸದವರ ಲೈನ್ ಮನೆಗೆ ಫೋನ್ ಮಾಡಿ ಬೆಳಗಾಗುವವರೆಗೆ ಯಾರೂ ಬಾಗಿಲು ತೆಗೆಯಬೇಡಿ ಎಂದರು. ಆಮೇಲೆ ಮಗನ ಪಕ್ಕ ಕೂತು, "ಕೋವಿಯ ಚರೆ ತಾಗಿದ ಆನೆ ಸಾಯುವುದಿಲ್ಲ, ನೋವಿನಲ್ಲಿ ತಿಂಗಳುಗಟ್ಟಲೆ ಅಲೆಯುತ್ತದೆ. ಮರುದಿನ ಅದರ ಎದುರಿಗೆ ಸಿಕ್ಕುವುದು ಕೆಲಸಕ್ಕೆ ಬರುವ ಹೆಂಗಸರು. ಅದಕ್ಕೇ ಕೋವಿ ತೆಗೆಯಬಾರದು" ಎಂದು ಹೇಳಿದರು. ಭತ್ತ ಹೋಯಿತು. ಸಿಕ್ಕಷ್ಟನ್ನು ಕೊಯ್ದೆವು.

ನನಗೆ ಬೇಕಾಗಿದ್ದ ಉತ್ತರ ಆ ರಾತ್ರಿ ಸಿಕ್ಕಿತು. ಕೋವಿ ಇರುವ ಮನುಷ್ಯ ಅದನ್ನು ತೆಗೆಯದೆ ಇರಬಲ್ಲನೇ? ನಾನು ಮದುವೆಯಾದವನು ಇರಬಲ್ಲ. ಇದನ್ನು ಮಗ ನೋಡಿದ. ಅವನಿಗೆ ನಾನು ಎಷ್ಟು ಬುದ್ಧಿ ಹೇಳಿದ್ದರೂ ಇದು ಬರುತ್ತಿರಲಿಲ್ಲ.

ಪುತ್ತರಿಯಲ್ಲಿ ಇಗ್ಗುತಪ್ಪ ದೇವಸ್ಥಾನದಿಂದ ಮುಹೂರ್ತ ಬಂತು. ಆ ಹೊತ್ತಿಗೆ ಬೆಳದಿಂಗಳಲ್ಲಿ ಎಲ್ಲರೂ ಗದ್ದೆಗೆ ಇಳಿದೆವು. ಆನೆ ಬಿಟ್ಟ ಮೂಲೆಯಲ್ಲಿ ಕದಿರು ತೆಗೆದರು. "ಪೊಲಿ ಪೊಲಿ ದೇವಾ" ಎಂದು ಕೂಗಿದೆವು. ತೋಟೆ ತೆಗೆದು ಕೊಟ್ಟದ್ದು ನಾನು. ಈಡು ಹಾರಿಸಿದ್ದು ಮನೆಯವರು, ಮಾವ ಇಲ್ಲದ ಮೊದಲ ಪುತ್ತರಿಗೆ. ಅತ್ತೆ ಕಣ್ಣು ಒರೆಸಿಕೊಂಡರು. ನನ್ನ ಕೈ ಈ ಸಲ ನಡುಗಲಿಲ್ಲ. ವಾಪಸ್ ಬಂದು ಖಾಲಿ ತೋಟೆ ಎಣಿಸಿ, ನಳಿಗೆ ನೋಡಿ, ಬಿಚ್ಚಿ, ಬೀಗ ಹಾಕಿದ ಮೇಲೆಯೇ ಪಾಯಸಕ್ಕೆ ಕೂತೆವು.

ಹಾಗಾಗಿ ನರ್ಸಮ್ಮ, ಹಬ್ಬ ಇಲ್ಲದ ದಿನ ಅದು ಬೇಕಾಗಿಲ್ಲ. ಬೀರುವಿನಲ್ಲಿ ಇರುತ್ತದೆ. ಅತ್ತೆ ಇರುವವರೆಗೆ, ನಮ್ಮ ಷರತ್ತುಗಳನ್ನು ನಾವು ಪಾಲಿಸುವವರೆಗೆ ಅದು ಇರಲಿ ಎಂದು ನಾನೇ ಈಗ ಹೇಳುತ್ತೇನೆ. ಮೈಸೂರಿನ ಫ್ಲ್ಯಾಟಿನಲ್ಲಿ, ನೆರೆಯವರ ಗೋಡೆ ಒಂದು ಮೊಳ ದೂರ ಇರುವಲ್ಲಿ, ಭಯಕ್ಕೆಂದು ಯಾರಾದರೂ ಕೋವಿ ಕೊಳ್ಳಬೇಕೇ ಎಂದು ಕೇಳಿದರೆ ಇವತ್ತಿಗೂ ಬೇಡ ಎನ್ನುತ್ತೇನೆ. ಮಗನಿಗೆ ಹದಿನೈದು ತುಂಬಿದ ಮೇಲೆ ಮತ್ತೆ ಕೂತು ಯೋಚಿಸುತ್ತೇವೆ ಎಂದು ಮನೆಯವರು ಮಾತು ಕೊಟ್ಟಿದ್ದಾರೆ. ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಕೊಡುತ್ತಾರಲ್ಲ, ಮುಂದಿನ ಸಲ ಕರೆದಾಗ ನಾನು ಹೆಸರು ಕೊಡುವವಳಿದ್ದೇನೆ. ಕೀಲಿ ನನ್ನ ಹತ್ತಿರ ಇದ್ದ ಮೇಲೆ ಸರಿಯಾಗಿ ಕಲಿಯುವುದೂ ನನ್ನ ಜವಾಬ್ದಾರಿಯೇ.

ಹತ್ತು ಮೀಟರ್ ಅವರೇ, ನಿಮಗೊಂದು ಪ್ರಶ್ನೆ. ದಸರಾ ರಜೆಯಲ್ಲಿ ನೀವು ಹೇಳಿದ ಹಾಗೆ ಮಗನನ್ನು ರೇಂಜಿಗೆ ಕರೆತಂದೆ, ಅವನಿಗೆ ಹಿಡಿಸಿತು. ಬೇಸಿಗೆ ಶಿಬಿರಕ್ಕೆ ಸೇರಿಸೋಣ ಎಂದಿದ್ದೇನೆ. ಅವನು ಎಡಗೈಯವನು. ಎಡಗೈಯವರಿಗೆ ಬೇರೆ ರೈಫಲ್ ಬೇಕಾ? ಈಗಲೇ ಕೊಳ್ಳಬೇಕಾ?

ಹತ್ತು ಮೀಟರ್

ಖುಷಿಯಾಯಿತು. ಈಗ ಏನೂ ಕೊಳ್ಳಬೇಡಿ. ಶುರುವಿಗೆ ರೇಂಜಿನ ರೈಫಲ್ಲೇ ಸಾಕು. ಎರಡೂ ಕೈಗೆ ಒಗ್ಗುವ ಹಿಡಿಯಿರುವ ರೈಫಲ್‌ಗಳೂ ಇರುತ್ತವೆ, ಸೇರಿಸುವ ಮೊದಲು ಕೋಚ್‌ಗೆ ಹೇಳಿಡಿ.

ಆದರೆ ಕೈಗಿಂತ ಮೊದಲು ಕಣ್ಣು ನೋಡಿ. ಎಡಗೈಯವರಿಗೆಲ್ಲ ಎಡಗಣ್ಣೇ ಮೇಲುಗೈ ಅಂತಿಲ್ಲ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಲು ಹೇಳಿ. ಕೈ ಚಾಚಿ, ಎರಡೂ ಕಣ್ಣು ತೆರೆದು, ಆ ಕಿಂಡಿಯಲ್ಲಿ ದೂರದ ಒಂದು ವಸ್ತುವನ್ನು ನೋಡಲಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಅವನ ಗುರಿ ಕಣ್ಣು. ಅದನ್ನು ಕೋಚ್‌ಗೆ ಹೇಳಿ, ಯಾವ ಭುಜಕ್ಕೆ ಹಿಡಿಸಬೇಕು ಎಂದು ಅವರು ನೋಡುತ್ತಾರೆ.

ಕಾಳು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬಾರದು ಎಂದು ಮೊದಲ ದಿನವೇ ಹೇಳಿಕೊಡಿ. ಸೀಸ ಅದು.